ದಾಂಡಿಗನ ರೊಟ್ಟಿ

ಹುಡುಗ ದೊಡ್ಡ ದಾಂಡಿಗನಂತೆ. ಮೊಮ್ಮಗಳು ಪಲ್ಲವಿಗೆ ಸವಣೂರಿನಿಂದ ಬಂದ ಸಂಬಂಧದ ಬಗ್ಗೆ ಮನೆಯವರ ಫೋನಿನ ಗುಂಪಿನಲ್ಲಿ ಮೊದಲು ಬಂದ ಸುದ್ದಿ ಇದು. ಅವನ ಹೆಸರು ಕಿರಣ ಎಂಬುದು, ಏನು ಕೆಲಸ, ಯಾರ ಪೈಕಿ ಎಂಬುದೆಲ್ಲ ಆಮೇಲೆ ಬಂತು. ಮೊದಲು ಬಂದದ್ದು ವಿಡಿಯೋ. ಅವನು ಬ್ಯಾಟು ಬೀಸುತ್ತಾನೆ, ಚೆಂಡು ಮೈದಾನದಾಚೆಯ ಬೇವಿನ ಮರ ದಾಟಿ ಹೋಗುತ್ತದೆ, ಯಾರೋ ಮೈಕಿನಲ್ಲಿ "ದಾಂಡಿಗ! ದಾಂಡಿಗ!" ಎಂದು ಗಂಟಲು ಹರಿದುಕೊಳ್ಳುತ್ತಾರೆ. ನನ್ನ ಮಗ ಅದರ ಕೆಳಗೆ ಚಪ್ಪಾಳೆಯ ಚಿತ್ರ ಹಾಕಿದ. ಸೊಸೆ ಕೈಮುಗಿದ ಚಿತ್ರ ಹಾಕಿದಳು. ನಾನು ಫೋನಿನಲ್ಲಿ ಬರೆಯಲು ಕಲಿತದ್ದು ಮೊನ್ನೆ ಮೊನ್ನೆ. ಒಂದೇ ಬೆರಳಿನಿಂದ ಕೋಳಿ ಕಾಳು ಹೆಕ್ಕಿದ ಹಾಗೆ ಅಕ್ಷರ ಹೆಕ್ಕುತ್ತೇನೆ. ಒಂದು ಸಾಲು ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತದೆ. ಆದರೂ ಬರೆದೆ.

"ಏನನ್ನ ಹೊಡಿತಾನ? ಚೆಂಡಷ್ಟ ಏನು?"

ಪಕ್ಕದ ಕೋಣೆಯಿಂದ ಮಗ ಎದ್ದು ಬಂದ.

"ಏನ್ ಬರದಿ ಬೇ ಯವ್ವಾ? ನಿನಗ ಫೋನ್ ಕಲಿಸಿದ್ದ ತಪ್ಪಾತು ನೋಡು."

"ಕಲಿಸಿದಾಕಿ ನಿನ್ನ ಮಗಳು, ನೀ ಅಲ್ಲ. ನಂಗ ಸಂಶೇ ಬಂತು, ಕೇಳಿದ್ನಿ."

"ಕ್ರಿಕೆಟ್ ಆಡಾಂವಾ ಏನ ಹೊಡಿತಾನ ಮತ್ತ?"

"ಅದನ್ನ ಕೇಳಾಕತ್ತೇನಿ."

ಅವನು ತಲೆ ಚಚ್ಚಿಕೊಂಡು ಹೋದ. ಪಲ್ಲವಿ ಮಾತ್ರ ನನ್ನ ಮಂಚದ ತುದಿಗೆ ಬಂದು ಕುಳಿತಳು. ಶಿಗ್ಗಾಂವಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಉತ್ತರ ಬರುವವರೆಗೆ ಬಿಡುವವಳಲ್ಲ. "ಅಜ್ಜೀ, ದಾಂಡಿಗ ಅಂದ್ರ ನಿಂಗ ಯಾಕಷ್ಟು ಸಿಟ್ಟು?" ಎಂದಳು. ಅವಳಿಗೆ ಹೇಳಿದ್ದನ್ನೇ ಈಗ ಇಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ಅದಕ್ಕೆ ನಾನು ಹುಟ್ಟಿ ಬೆಳೆದ ಹಾನಗಲ್ಲಿನ ಮನೆಗೆ ಹೋಗಬೇಕು.

ಆ ಮನೆಯ ಹೊಸ್ತಿಲು ದಾಟಿದರೆ ಮೊದಲು ಸಿಗುತ್ತಿದ್ದದ್ದು ಎತ್ತುಗಳು. ಮನುಷ್ಯರು ಆಮೇಲೆ. ಎತ್ತುಗಳ ಜಾಗದಿಂದ ಎರಡು ಮೆಟ್ಟಿಲು ಮೇಲೆ ಪಡಸಾಲೆ, ಅದರ ಹಿಂದೆ ಬೆಳಕೇ ಬಾರದ ನಡುಮನೆ, ಅದರ ಹಿಂದೆ ಹೊಗೆ ತುಂಬಿದ ಅಡಿಗೆಮನೆ, ಕೊನೆಗೆ ಬಾವಿ ಇದ್ದ ಹಿತ್ತಲು. ಎಲ್ಲ ಒಂದೇ ಸಾಲಿನಲ್ಲಿ. ಹಿತ್ತಲಲ್ಲಿ ಸೀನಿದರೆ ಬೀದಿಯವರು "ಚಿರಂಜೀವಿ" ಎನ್ನುತ್ತಿದ್ದರು. ಪಡಸಾಲೆಯ ಕಂಬಕ್ಕೆ ಒರಗಿ ಆಯಿ ಕುಳಿತಿರುತ್ತಿದ್ದಳು. ಅಪ್ಪನ ಅವ್ವನನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳ ಎರಡೂ ಕಣ್ಣಿಗೆ ಪೊರೆ ಬಂದು ಮುಂದೆ ನಿಂತವರು ಗಂಡೋ ಹೆಣ್ಣೋ ಕಾಣುತ್ತಿರಲಿಲ್ಲ. ಮಡಿಲಲ್ಲಿ ಅಡಕತ್ತರಿ, ಪಕ್ಕದಲ್ಲಿ ಎಲೆಯ ಚೀಲ, ಮುಖ ಬೀದಿಯ ಕಡೆ, ಕಿವಿ ಅಡಿಗೆಮನೆಯ ಕಡೆ. ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳ ಯಾರು ತೆಗೆದರು ಎಂಬುದನ್ನು ಕುಳಿತಲ್ಲಿಂದಲೇ ಹೇಳುತ್ತಿದ್ದಳು. ಬೆಲ್ಲದ ಡಬ್ಬಿಗೆ ನಾನು ಕೈ ಹಾಕಿದ ಒಂದು ದಿನವೂ ಅವಳಿಂದ ತಪ್ಪಿಸಿಕೊಂಡಿಲ್ಲ. ನಂಬುವುದು ಅವಳ ಸ್ವಭಾವದಲ್ಲೇ ಇರಲಿಲ್ಲ. ಹಾಲಿನವನ ಹಾಲನ್ನೂ, ಪೂಜಾರಿಯ ಕೆಮ್ಮನ್ನೂ ಅನುಮಾನಿಸುತ್ತಿದ್ದಳು. ನನಗೆ ಬಂದ ಆಸ್ತಿ ಅದೊಂದೇ.

ಆ ಮನೆಯಲ್ಲಿ ದಾಂಡಿಗ ಎಂಬುದು ಉಪ್ಪಿನ ಹಾಗೆ ದಿನಬಳಕೆಯ ಮಾತು. ಚಿಣಿದಾಂಡು ಆಟದಲ್ಲಿ ಚಿಣಿಯನ್ನು ಓಣಿಯ ಮನೆಗಳ ಮೇಲಿಂದ ಹಾರಿಸಿದವನು ದಾಂಡಿಗ. ಹುಣಸೆಯ ಬೊಡ್ಡೆಯನ್ನು ಒಂದೇ ಏಟಿಗೆ ಸೀಳಿದವನು ದಾಂಡಿಗ. ಬೆನ್ನಿಗೆ ಗುದ್ದಿದರೆ ಅಂಗಿಯಿಂದ ಧೂಳೇಳಿಸುವ ಮಾಸ್ತರರೂ ದಾಂಡಿಗರೇ; ಅವರ ಕೈಯಲ್ಲಿ ಮಗ ಕಲಿಯುತ್ತಾನೆಂದು ತಂದೆತಾಯಿ ಹೆಮ್ಮೆಪಡುತ್ತಿದ್ದರು. ಕೋರ್ಟಿನಲ್ಲಿ ಮೇಜು ಕುಟ್ಟಿ ವಾದಿಸುವ ವಕೀಲನೂ ದಾಂಡಿಗ. ಹೆಂಚು ಒಡೆಯುವ ಹಾಗೆ ಆಲಿಕಲ್ಲು ಬಿದ್ದರೆ ಅಪ್ಪ "ಬಂದನಪಾ ದಾಂಡಿಗ" ಎಂದು ಎತ್ತುಗಳನ್ನು ಒಳಗೆ ಕಟ್ಟುತ್ತಿದ್ದ. ಗಂಡಸಿಗೆ ಅಂದರೆ ತಲೆಗೆ ರುಮಾಲು ಸುತ್ತಿದಂತೆ. ಹೆಂಗಸಿಗೆ ಅಂದರೆ ಮಾತ್ರ ಬೈಗುಳ. ಬಾಗಿಲು ಧಡಾರನೆ ಹಾಕಿದರೆ ದಾಂಡಿಗಿತ್ತಿ, ಒಗೆಯುವ ಕಲ್ಲಿನ ಮೇಲೆ ಬಟ್ಟೆ ಜೋರಾಗಿ ಕುಕ್ಕಿದರೆ ದಾಂಡಿಗಿತ್ತಿ, ಹೊಡೆಯಲು ಬಂದ ಹುಡುಗನಿಗೆ ತಿರುಗಿ ಒಂದು ಕೊಟ್ಟರಂತೂ ಹುಟ್ಟಾ ದಾಂಡಿಗಿತ್ತಿ. ನನ್ನ ಹೆಸರು ಶಾಂತವ್ವ. ಆ ಹೆಸರಿನಿಂದ ನನ್ನನ್ನು ಕರೆದವರು ಹಾಜರಿ ಕರೆಯುವ ಮಾಸ್ತರರು ಮಾತ್ರ.

ಹೆಂಗಸಿಗೆ ಆ ಮಾತು ಮರ್ಯಾದೆಯಾಗಿ ಸಲ್ಲುತ್ತಿದ್ದದ್ದು ಒಂದೇ ಕಡೆ, ರೊಟ್ಟಿ ಹಲಗೆಯ ಮುಂದೆ. ಜೋಳದ ರೊಟ್ಟಿ ಲಟ್ಟಿಸುವಂಥದಲ್ಲ, ಬಡಿಯುವಂಥದು. ನಾದಿದ ಹಿಟ್ಟನ್ನು ಹಲಗೆಯ ಮೇಲಿಟ್ಟು ಅಂಗೈಯಿಂದ ಬಡಿಯುತ್ತ, ಬಡಿತದಲ್ಲೇ ತಿರುಗಿಸುತ್ತ ಹೋಗಬೇಕು. ಅಳುಕಿ ಬಡಿದರೆ ದಪ್ಪವಾಗುತ್ತದೆ, ಸಿಟ್ಟಿನಿಂದ ಬಡಿದರೆ ಹರಿಯುತ್ತದೆ. ಬೆಳಗಾದರೆ ಓಣಿಯ ಎಲ್ಲ ಮನೆಗಳಿಂದಲೂ ಆ ಸಪ್ಪಳ. ಆಯಿ ಅದನ್ನು ಕೇಳಿಯೇ ಓಣಿಯ ಸಂಸಾರಗಳ ಸುದ್ದಿ ತಿಳಿಯುತ್ತಿದ್ದಳು.

"ಇವತ್ತ ನಿಮ್ಮವ್ವನ ಮಾತಾಡಸಾಕ ಹೋಗಬ್ಯಾಡ. ಸಿಟ್ಟಿನಾಗ ಅದಾಳ."

"ನಿಂಗ ಹೆಂಗ ಗೊತ್ತಾತು ಆಯಿ?"

"ರೊಟ್ಟಿ ಕೇಳು. ಆಕಿ ಬಡಿಯಾಕತ್ತಿದ್ದು ರೊಟ್ಟಿ ಅಲ್ಲ, ನಿಮ್ಮಪ್ಪನ ಬೆನ್ನು."

ಚನ್ನಪ್ಪ ಕಾಕಾ ಅಪ್ಪನ ತಮ್ಮ. ಓಣಿಗೇ ದೊಡ್ಡ ದಾಂಡಿಗ. ಅವನು ಹೊಡೆದ ಚಿಣಿ ಒಮ್ಮೆ ಎಲ್ಲಿ ಬಿತ್ತೆಂದೇ ಸಿಗಲಿಲ್ಲ. ಅಡೂರಿನ ಹಾದಿಯಲ್ಲಿ ಹುಡುಕಿರಿ ಎಂದು ಹಿರಿಯರು ನಗಾಡಿದ್ದರು. ಸವಣೂರಿನ ಸಂತೆಗೆ ಹೋದಾಗಲೆಲ್ಲ ನನಗೆ ಕುರುಕಲು ಖಾರದ ಪೊಟ್ಟಣ ತರುತ್ತಿದ್ದ. ಎಲ್ಲದರಲ್ಲೂ ಮೂಗು ತೂರಿಸುತ್ತೇನೆಂದು ನನ್ನನ್ನು ಸಿಐಡಿ ಎನ್ನುತ್ತಿದ್ದ. ಅವನ ಮದುವೆಯಾಗಿ ಮಾಸೂರಿನಿಂದ ಚಿಗವ್ವ ಬಂದಳು. ರತ್ನವ್ವ ಎಂದು ಹೆಸರು. ಮಾತು ಕಡಿಮೆ, ಕೈ ಜೋರು. ಬಂದ ಮಾರನೆಯ ದಿನ ಅವಳು ಹಲಗೆಯ ಮುಂದೆ ಕುಳಿತು ಮೊದಲ ರೊಟ್ಟಿ ಬಡಿದಾಗ ಆಯಿ ಕಂಬ ಬಿಟ್ಟು ನೆಟ್ಟಗೆ ಕುಳಿತಳು.

"ಯಾರದು?"

"ಸಣ್ಣ ಸೊಸಿ ಆಯಿ."

"ಅಬಬಾ! ಮಾಸೂರ ಕೆರಿ ಕೋಡಿ ಬಿದ್ದಂಗ ಐತಲ್ಲ! ದಾಂಡಿಗಿತ್ತಿ ಬಂದ್ಲಪಾ ನಮ್ಮ ಮನಿಗೆ!"

ಒಳಗೆ ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದನ್ನು ನಾನು ನೋಡಿದೆ. ಅಲ್ಲಿಂದ ಬೆಳಗಿನ ಹೊತ್ತು ಆಯಿಗೆ ಹಬ್ಬ. ಅವ್ವನ ಬಡಿತ ನಿಂತು ನಿಂತು ಬರುತ್ತಿತ್ತು. ಚಿಗವ್ವನದು ತಗಡಿನ ಮೇಲೆ ಮಳೆ ಹಿಡಿದ ಹಾಗೆ, ನಡುವೆ ಉಸಿರಿಲ್ಲ. ಅಡಕತ್ತರಿಯೂ ಅದೇ ತಾಳಕ್ಕೆ ಆಡುತ್ತಿತ್ತು.

ಜೋಳದ ಸುಗ್ಗಿ ಮುಗಿದ ಹೊತ್ತಿಗೆ ಒಂದು ಬೆಳಿಗ್ಗೆ ಅಡಕತ್ತರಿ ನಿಂತಿತು.

"ರೊಟ್ಟಿ ಯಾರು ಬಡಿಯಾಕತ್ತಾರ?"

"ಚಿಗವ್ವ."

"ಅಲ್ಲ."

"ಹೌದ ಆಯಿ, ಈಗರ ನೋಡಿ ಬಂದೇನಿ."

"ನೀ ಕಣ್ಣಿಲೆ ನೋಡಿ ಬಂದಿ, ನಾ ಕಿವೀಲೆ ಕೇಳೇನಿ. ಇದು ಆಕಿ ಕೈ ಅಲ್ಲ."

ಮತ್ತೆ ಹೋಗಿ ನೋಡಿದೆ. ಚಿಗವ್ವನೇ. ಆದರೆ ಬಲಗೈಯಲ್ಲಿ ಬಡಿಯುವವಳು ಎಡಗೈಯಲ್ಲಿ ಮೆಲ್ಲಗೆ ತಟ್ಟುತ್ತಿದ್ದಳು, ಮಲಗಿದ ಕೂಸನ್ನು ತಟ್ಟಿದ ಹಾಗೆ. ನನಗೆ ಅನುಮಾನ ಹತ್ತಿತು. ಅನುಮಾನ ಹತ್ತಿದರೆ ನನಗೆ ಊಟ ಸೇರುತ್ತಿರಲಿಲ್ಲ. ಮೊದಲು ಹಿಟ್ಟಿನ ಕಳ್ಳತನ ಇರಬಹುದೆಂದುಕೊಂಡೆ. ದಪ್ಪ ರೊಟ್ಟಿ ಮಾಡಿ ಸಂಖ್ಯೆ ಕಡಿಮೆ ಮಾಡಿ ಉಳಿದದ್ದನ್ನು ಎಲ್ಲೋ ಸಾಗಿಸುತ್ತಾಳೆ. ಹಿಟ್ಟಿನ ಡಬ್ಬಿಯಲ್ಲಿ ಬೆರಳಿನಿಂದ ಗೆರೆ ಎಳೆದಿಟ್ಟು ಕಾದೆ. ಗೆರೆ ಸರಿಯಾಗಿಯೇ ಇಳಿಯಿತು. ಆಮೇಲೆ ಬಾಜೂ ಮನೆಯ ಗಂಗವ್ವ, ಕೆರೆ ದಂಡೆಯ ಊರಿನವರಿಗೆ ಗಾಳಿ ಬೇಗ ಹಿಡಿಯುತ್ತದೆ ಎಂದಳು. ಗಾಳಿ ಹಿಡಿದವರ ಪಾದ ಹಿಂದೆಮುಂದೆ ಇರುತ್ತವೆ ಎಂದು ಕೇಳಿದ್ದೆ. ಚಿಗವ್ವನ ಪಾದ ನೋಡಿದೆ. ಸರಿಯಾಗಿದ್ದವು. ಕೊನೆಗೆ ಹಿತ್ತಲಿಗೆ ಬೆನ್ನು ಹತ್ತಿ ಹೋದಾಗ ಬಾವಿಯ ಹಿಂದೆ ಕುಳಿತು ಅವಳು ಬಲ ಮಣಿಕಟ್ಟಿಗೆ ಅರಿಶಿನ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು.

"ಏನಾತ ಚಿಗವ್ವಾ?"

"ಬಾವಿ ಹಗ್ಗ ಜಾರಿತವಾ."

ಬಾವಿಯ ಹಗ್ಗ ನನಗೂ ಜಾರಿತ್ತು. ಜಾರಿದರೆ ಅಂಗೈ ಸುಡುತ್ತದೆ. ಅವಳ ಅಂಗೈ ಬೆಳ್ಳಗೆ ನುಣ್ಣಗೆ ಇತ್ತು. ಸುಳ್ಳು ಎಂದು ಗೊತ್ತಾಯಿತು, ಯಾಕೆ ಎಂದು ಗೊತ್ತಾಗಲಿಲ್ಲ. ಎತ್ತು ಹಾಯ್ದಿತೇ, ಅವ್ವ ಏನಾದರೂ ಅಂದಳೇ, ಗಂಗವ್ವ ಮಾಟ ಮಾಡಿಸಿದಳೇ. ಹಿತ್ತಲಿನ ಬೆಕ್ಕಿನವರೆಗೂ ಎಲ್ಲರನ್ನೂ ಅನುಮಾನಿಸಿದೆ. ಖಾರ ತರುವ ಕಾಕಾನ ಕಡೆಗೆ ಮಾತ್ರ ನನ್ನ ಸಿಐಡಿತನ ತಿರುಗಲಿಲ್ಲ.

ಅಷ್ಟರಲ್ಲಿ ಅವ್ವ ತನ್ನದೇ ಪತ್ತೆ ಮುಗಿಸಿದ್ದಳು. ಆಯಿಯ ಪಕ್ಕ ಕುಳಿತು ದನಿ ಇಳಿಸಿದಳು; ಇಳಿಸಿದ ದನಿ ನನಗೆ ಇನ್ನೂ ಚೆನ್ನಾಗಿ ಕೇಳುತ್ತದೆ.

"ಅತ್ತೀ, ನಂಗ ಬ್ಯಾರೇನ ಸಂಶೇ ಐತ್ರಿ. ಕೊಡ ಎತ್ತವಲ್ಲಳು. ರೊಟ್ಟಿ ಮೆಲ್ಲಕ ಬಡಿತಾಳ. ಮೈತುಂಬ ಸೆರಗ ಹೊದ್ದಕೊಂಡ ಅಡ್ಡಾಡತಾಳ. ಉಣ್ಣು ಅಂದ್ರ ವಲ್ಲೆ ಅಂತಾಳ."

"ಹಂಗೇನು?" ಆಯಿಯ ಮುಖ ಅರಳಿತು. "ಎಲಾ, ನನ್ನ ಕಿವಿಗೆ ಇದು ಹೊಳೀಲಿಲ್ಲ ನೋಡು!"

ಬಸಿರಿಯಾದವಳು ಪೆಟ್ಟು ಜೋರಾಗಿ ಹಾಕಬಾರದು, ಒಳಗಿನ ಜೀವ ಬೆಚ್ಚುತ್ತದೆ ಎಂಬುದು ಆ ಮನೆಯ ನಂಬಿಕೆ. ಯಾರೂ ನೇರವಾಗಿ ಕೇಳುವುದಿಲ್ಲ, ಕೇಳಿದರೆ ದೃಷ್ಟಿ. ಮುಟ್ಟಿಗೆ ಹೊರಗೆ ಕೂರುವ ಪದ್ಧತಿ ನಮ್ಮಲ್ಲಿ ಇರಲಿಲ್ಲವಾದ್ದರಿಂದ ಆ ಲೆಕ್ಕವೂ ಯಾರಿಗೂ ಸಿಗುತ್ತಿರಲಿಲ್ಲ. ಅವ್ವ ಒಂದು ಮಾವಿನ ಮಿಡಿಯನ್ನು ಚಿಗವ್ವನ ತಾಟಿಗೆ ಹಾಕಿ, "ಹುಳಿ ಬೇಕನಸ್ತೈತೇನವಾ?" ಎಂದಳು. ಚಿಗವ್ವ ತಲೆ ತಗ್ಗಿಸಿದಳು. ಸಾಕಾಯಿತು. ಸಂಜೆಯೊಳಗೆ ಎತ್ತುಗಳಿಗೂ ಗೊತ್ತಾಗಿತ್ತು.

ಮನೆಯ ಗಾಳಿಯೇ ಬದಲಾಯಿತು. ಕಾಕಾ ಮೀಸೆ ತಿರುವುತ್ತ ಓಡಾಡಿದ. ಸವಣೂರಿನಿಂದ ಬಂದ ಖಾರದ ಪೊಟ್ಟಣ ನನ್ನನ್ನು ದಾಟಿ ಅಡಿಗೆಮನೆಗೆ ಹೋಯಿತು. ಹೆಂಡತಿಯ ಜೊತೆ ಅವನು ಮಾತಾಡುವ ದನಿ ಮೆತ್ತಗಾಗಿತ್ತು. ಅದೇ ನನಗೆ ಸರಿಬರಲಿಲ್ಲ. ಮೆತ್ತಗಾದ ಮೇಲಲ್ಲವೇ ಮೊದಲಿನದು ಎಷ್ಟು ಒರಟಿತ್ತು ಎಂದು ತಿಳಿಯುವುದು? ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕುಳಿತ ಚಿಗವ್ವನ ಮುಂದೆ ಕುಕ್ಕರಗಾಲಲ್ಲಿ ಕುಳಿತೆ.

"ಚಿಗವ್ವಾ, ಖರೇನ ಹೊಟ್ಯಾಗ ಕೂಸೈತೇನು?"

"ಐತಿ ಅನ್ನಾಕತ್ತಾರಲ್ಲವಾ ಎಲ್ಲಾರೂ."

"ಎಲ್ಲಾರ ಮಾತು ಬ್ಯಾಡ. ನೀ ಹೇಳು."

ಅವಳು ಕಲ್ಲೊಂದನ್ನು ಆರಿಸಿ ದೂರ ಎಸೆದಳು. "ಯಾರ ಮುಂದನೂ ಬಾಯಿ ಬಿಡಬ್ಯಾಡ. ಇಲ್ಲ. ಆದ್ರ ಐತಿ ಅಂತ ತಿಳಕೊಂಡಿರೂ ತನಕ ನಿಮ್ಮ ಕಾಕಾ ಕೈ ಎತ್ತಂಗಿಲ್ಲ."

ಸೆರಗು ಸರಿಸಿ ತೋಳು ತೋರಿಸಿದಳು. ನೀಲಿ, ಹಳದಿ, ಹಸಿರು. ನಾನು ಆ ತೋಳನ್ನು ನೋಡಿದೆ, ಆಮೇಲೆ ಹೊರಗೆ ಕಟ್ಟೆಯ ಮೇಲೆ ಗೆಳೆಯರ ಜೊತೆ ನಗುತ್ತಿದ್ದ ಕಾಕಾನ ದನಿ ಕೇಳಿದೆ.

"ಸುಳ್ಳ ಅಂತ ಗೊತ್ತಾದ ದಿನಾ?"

"ಆ ದಿನದ್ದು ಆ ದಿನಕ್ಕ. ಹ್ವಾದಷ್ಟ ದಿನಾ ಹೋಗ್ಲಿ."

ಆ ದಿನ ಯಾವತ್ತು ಬರುತ್ತದೋ ಎಂದು ಕಾಯುವುದೇ ನನ್ನ ಕೆಲಸವಾಯಿತು. ಅವಳ ಹೊಟ್ಟೆಯ ಕಡೆ ಯಾರು ನೋಡಿದರೂ ನಾನು ನಡುವೆ ಹೋಗಿ ನಿಲ್ಲುತ್ತಿದ್ದೆ. ಗಂಗವ್ವ "ಇನ್ನೂ ಕಾಣವಲ್ದಲ್ಲ" ಎಂದಾಗ ಅವಳ ಕಾಲ ಮೇಲೆ ಬೇಕೆಂದೇ ನೀರು ಚೆಲ್ಲಿದೆ. ಆದರೆ ಆಯಿ ಸುಮ್ಮನೆ ಕೂರುವವಳಲ್ಲ. ಮಾಸೂರಿಗೆ ಹೇಳಿ ಕಳಿಸಿಬಿಟ್ಟಿದ್ದಳು. ಚಿಗವ್ವನ ತಾಯಿ, ನನಗೆ ಮಾಸೂರಿನ ಅಜ್ಜಿ, ಬುತ್ತಿ ಕಟ್ಟಿಕೊಂಡು, ಹಸಿರು ಸೀರೆ, ಖಣದ ಕುಬಸ ತಗೊಂಡು ಬಂದಿಳಿದಳು. ಕಳ್ಳ ಕುಬಸ.

ಈಗಿನ ಹುಡುಗಿಯರಿಗೆ ಹೇಳಬೇಕಾಗುತ್ತದೆ. ಹೊಟ್ಟೆ ಕಾಣುವ ಮೊದಲೇ, ಊರಿಗೆ ಸುದ್ದಿ ಕೊಡದೆ, ಬಾಗಿಲು ಹಾಕಿಕೊಂಡು, ಬಸಿರಿಗೆ ತವರಿನವರು ಹೊಸ ಸೀರೆ ಕುಬಸ ತೊಡಿಸಿ ಉಡಿ ತುಂಬುವುದಕ್ಕೆ ಕಳ್ಳ ಕುಬಸ ಎನ್ನುತ್ತಾರೆ. ಗಂಡಸರು ಆ ಕಡೆ ಸುಳಿಯಬಾರದು. ನಡುಮನೆಯ ಬಾಗಿಲು ಹಾಕಿದೆವು. ಆಯಿ, ಅವ್ವ, ಮಾಸೂರಿನ ಅಜ್ಜಿ, ನಾನು, ನಡುವೆ ಮಣೆಯ ಮೇಲೆ ಚಿಗವ್ವ. ಕುಬಸ ತನ್ನ ಕೈಯಿಂದಲೇ ತೊಡಿಸುತ್ತೇನೆಂದು ಆಯಿ ಹಟ ಹಿಡಿದಳು. ಆಗಿನ ಕುಬಸದ ತೋಳು ತೊಗಲಿನ ಹಾಗೆ ಬಿಗಿ. ಎಡದ ತೋಳು ಏರಿತು. ಬಲದ್ದು ಮಣಿಕಟ್ಟಿನ ಹತ್ತಿರವೇ ಸಿಕ್ಕಿಕೊಂಡಿತು. ಆಯಿ ಎಳೆದಳು. ಚಿಗವ್ವ ಹಲ್ಲು ಕಚ್ಚಿದಳು. ಬಾಯಿಂದ ಬರದ ದನಿ ಮೂಗಿನಿಂದ ಬಂತು.

ಆಯಿ ಎಳೆಯುವುದನ್ನು ಬಿಟ್ಟಳು. ಅವಳ ಬೆರಳುಗಳು ಬಾತ ಮಣಿಕಟ್ಟಿನ ಮೇಲೆ ನಿಂತು, ಅಲ್ಲಿಂದ ಮೆಲ್ಲಗೆ ಮೇಲೇರಿ, ಮೊಳಕೈ ದಾಟಿ, ತೋಳಿನ ಸುತ್ತ ಹೋಗಿ ಬಂದವು. ಅವ್ವ ಆರತಿ ತಟ್ಟೆ ಕೆಳಗಿಟ್ಟಳು.

"ಕೂಸು?" ಎಂದಳು ಆಯಿ.

ಚಿಗವ್ವ ತಲೆಯಾಡಿಸಿದಳು.

"ಬಾಯಿಲೆ ಹೇಳವಾ. ನಂಗ ಕಾಣಂಗಿಲ್ಲ."

"ಇಲ್ರಿ ಅತ್ತಿ."

ನಾನು ಹೆದರಿ ಬಾಗಿಲಿಗೆ ಅಂಟಿಕೊಂಡೆ. ಆ ದಿನ ಬಂದೇಬಿಟ್ಟಿತ್ತು. ಸುಳ್ಳು ಹೇಳಿದಳೆಂದು ಮನೆಯಿಂದ ಅಟ್ಟುತ್ತಾರೆ, ಇಲ್ಲವೆ ಕಾಕಾನ ಕೈಗೆ ಕೊಡುತ್ತಾರೆ.

"ಏ ದಾಂಡಿಗಿತ್ತಿ," ಆಯಿ ನನ್ನ ಕಡೆ ತಿರುಗಿದಳು, "ಬಾಗಲಾ ತಗಿ. ನಿಮ್ಮ ಕಾಕಾನ ಕರಿ."

"ಅತ್ತೀ, ಕುಬಸದಾಗ ಗಂಡಸರು..." ಎಂದಳು ಅವ್ವ.

"ಇದೆಲ್ಲಿ ಕುಬಸ ಇನ್ನ? ಕರಿಯಂದ್ನಿ."

ಕಾಕಾ ನಗುತ್ತ ಬಂದು ಬಾಗಿಲಲ್ಲಿ ನಿಂತ. ಹೆಂಡತಿಯ ಬರಿ ತೋಳು ಕಂಡು ನಗು ನಿಂತಿತು.

"ಚನ್ಯಾ, ಬಾ ಇಲ್ಲೆ. ಕೈ ಕೊಡು."

ಕೊಟ್ಟ. ಆಯಿ ಆ ಕೈಯನ್ನು ಹಿಡಿದು ಚಿಗವ್ವನ ತೋಳಿನ ಮೇಲಿಟ್ಟು, ಒಂದೊಂದೇ ಬೆರಳು ಬಿಡಿಸಿ, ಒಂದೊಂದೇ ಕಲೆಯ ಮೇಲೆ ಕೂಡಿಸಿದಳು.

"ನಂಗ ಕಣ್ಣಿಲ್ಲ. ಬೀಗತ್ಯಾರ, ನೀವ ನೋಡಿ ಹೇಳ್ರಿ. ಕೂಡತಾವೇನು?"

ಮಾಸೂರಿನ ಅಜ್ಜಿ ಬಗ್ಗಿ ನೋಡಿದಳು. ದನಿ ಏರಲಿಲ್ಲ. "ಕೂಡತಾವ್ರಿ."

"ಅವ್ವಾ, ಸಿಟ್ಟಿನ ಭರಕ್ಕ ಒಂದ ಏಟು..." ಎಂದ ಕಾಕಾ.

"ದಾಂಡಿಗ ದಾಂಡಿಗ ಅಂತ ಊರ ಕುಣಿತು, ನಾನೂ ಕುಣದ್ನಿ," ಎಂದಳು ಆಯಿ. "ಏನನ್ನ ಹೊಡಿತಿ ಅಂತ ಒಂದ ದಿನಾ ಕೇಳ್ಲಿಲ್ಲ ನಾ."

ಅದೇ ದಿನ ಚಿಗವ್ವ ತಾಯಿಯ ಜೊತೆ ಮಾಸೂರಿಗೆ ಹೊರಟಳು. ಕಳಿಸಿದವಳು ಆಯಿಯೇ. ಹಸಿರು ಸೀರೆಯನ್ನು ಉಟ್ಟುಕೊಂಡೇ ಹೋಗು ಎಂದಳು. "ಕೈ ನೆಟ್ಟಗಾಗೂ ತನಕ ಇಟ್ಕೋರಿ. ಆಮ್ಯಾಲೂ ಬರೂದು ಬಿಡೂದು ಆಕಿಗೆ ಬಿಟ್ಟದ್ದು. ಇಲ್ಲೆ ಇನ್ನ ನಮ್ಮ ದಾಂಡಿಗ ಬಡೀತಾನ ರೊಟ್ಟಿ."

ತಮಾಷೆಗೆ ಅಂದದ್ದೆಂದು ಕಾಕಾ ತಿಳಿದಿದ್ದ. ಮರುದಿನ ಅವನ ತಾಟಿನಲ್ಲಿ ಬದನೆಕಾಯಿ ಪಲ್ಯ ಇತ್ತು, ರೊಟ್ಟಿ ಇರಲಿಲ್ಲ. ಅವನದನ್ನು ಅವನೇ ಬಡಿದುಕೊಳ್ಳಬೇಕು ಎಂಬುದು ಆಯಿಯ ಅಪ್ಪಣೆ. ಅಪ್ಪ, "ಅವ್ವಾ, ಗಂಡಸು ಒಲಿ ಮುಂದ ಕುಂತ್ರ ಮಂದಿ..." ಎಂದು ಶುರುಮಾಡಿದ. "ನೀನೂ ಕುಂದರತೀಯೇನು?" ಎಂದಳು. ಅಪ್ಪನಿಗೆ ಎತ್ತುಗಳ ನೆನಪಾಯಿತು. ಎರಡು ದಿನ ಅನ್ನ ಉಂಡು ಮುಖ ಊದಿಸಿಕೊಂಡ ಕಾಕಾ ಮೂರನೆಯ ದಿನ ಹಲಗೆಯ ಮುಂದೆ ಕುಳಿತ. ಆ ಸಪ್ಪಳ! ಒಂದು ಏಟು ಹಲಗೆಗೆ, ಒಂದು ಏಟು ಹಿಟ್ಟಿಗೆ, ಒಂದು ಬೈಗುಳ. ರೊಟ್ಟಿಗೆ ಕೈ ಕಾಲು ಮೂಡಿದವು. ಗೋಡೆಯಾಚೆಯಿಂದ ಗಂಗವ್ವ ಕೂಗಿದಳು.

"ಯಾರ್ರೀ ಅದು? ರೊಟ್ಟಿ ಬಡಿಯಾಕತ್ತಾರೋ, ಎಮ್ಮಿ ಬಡಿಯಾಕತ್ತಾರೋ?"

"ನಮ್ಮ ದಾಂಡಿಗ!" ಎಂದು ಆಯಿ ಬೀದಿಗೆ ಕೇಳುವ ಹಾಗೆ ಹೇಳಿದಳು. "ಬಾ, ನೋಡಬಾ!"

ಪ್ರತಿ ಬೆಳಿಗ್ಗೆ ಓಣಿಯ ಎಲ್ಲ ಬಡಿತಗಳ ನಡುವೆ ಆ ಒಂದು ತಪ್ಪು ಬಡಿತ. ಯಾಕೆ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ.

ಕಾಕಾ ಕೊನೆಗೆ ಮಾಸೂರಿಗೆ ಹೊರಟ. ತವರಿನವರು ಮಗಳಿಗೆ ಬುತ್ತಿ ತರುವುದು ರೂಢಿ. ಇಲ್ಲಿ ಗಂಡನೇ ಬುತ್ತಿ ಹೊತ್ತ. ತಾನೇ ಬಡಿದ ರೊಟ್ಟಿಗಳು ಎಂದ. ಆಯಿ ನನ್ನನ್ನೂ ಜೊತೆಗೆ ಕಳಿಸಿದಳು. "ಸಿಐಡಿ ಅಲ್ಲೇನು ನೀ? ನೋಡಿ ಬಂದು ಹೇಳು." ಹಿರೇಕೆರೂರಿನಲ್ಲಿ ಬಸ್ಸು ಬದಲಿಸಿ ಮಾಸೂರು ಮುಟ್ಟುವವರೆಗೂ ಕಾಕಾ ಬುತ್ತಿಯನ್ನು ತೊಡೆಯಿಂದ ಇಳಿಸಲಿಲ್ಲ. ಚಿಗವ್ವ ಅಡಿಗೆಮನೆಯಲ್ಲೇ ಕೂರಿಸಿ ನೀರು ಕೊಟ್ಟಳು. ಬುತ್ತಿ ಬಿಚ್ಚಿ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು. ದುಂಡಗೆ, ತೆಳ್ಳಗೆ, ಅಂಚೆಲ್ಲ ಒಂದೇ ಸಮ.

"ಇವು ಅಕ್ಕಾರು ಬಡದದ್ದು," ಎಂದಳು.

ಕಾಕಾ ನೆಲ ನೋಡಿದ. ನಾನು ಅವನನ್ನು ನೋಡಿದೆ. ಅವ್ವನ ರೊಟ್ಟಿಗಳೇ. ಕರುಣೆ ಬಂದು ಬೆಳಗಿನ ಜಾವ ಕಟ್ಟಿಕೊಟ್ಟಿದ್ದಳು.

"ಹಿಟ್ಟು ಇಲ್ಲೇ ಐತಿ, ಹಲಗಿ ಇಲ್ಲೇ ಐತಿ. ಬಡೀರಿ. ನಾ ನೋಡ್ತೇನಿ."

ಅಳಿಯನ ಅವಸ್ಥೆ ನೋಡಲಾರದೆ ಅವಳ ಅಪ್ಪ ಎದ್ದು ಹೊರಗೆ ಹೋದ. ತಾಯಿ ಹೋಗಲಿಲ್ಲ. ಕಾಕಾ ತೋಳು ಮಡಚಿ ಕುಳಿತ. ಸುಮಾರಾಗಿಯೇ ಬಡಿದ. ಇನ್ನೇನು ಹಂಚಿಗೆ ಹಾಕಬೇಕು, ನಟ್ಟನಡುವೆ ಹರಿಯಿತು. ಅವನ ಕೈ ಮುಷ್ಟಿಯಾಗಿ ಮೇಲೆದ್ದಿತು. ನಾನು ನೋಡಿದೆ. ಮಾಸೂರಿನ ಅಜ್ಜಿ ನೋಡಿದಳು. ಚಿಗವ್ವ ಹಿಂದೆ ಸರಿಯಲಿಲ್ಲ; ರೊಟ್ಟಿಯನ್ನೂ ನೋಡಲಿಲ್ಲ, ಮುಖವನ್ನೂ ನೋಡಲಿಲ್ಲ, ಆ ಮುಷ್ಟಿಯನ್ನೇ ನೋಡುತ್ತ ಕುಳಿತಳು. ಕಾಕಾ ತಾನೂ ಅದನ್ನು ನೋಡಿದ, ಬೇರೆ ಯಾರದೋ ಕೈ ತನ್ನ ತೋಳಿಗೆ ಬಂದು ಕುಳಿತಿದೆ ಎನ್ನುವ ಹಾಗೆ. ಆಮೇಲೆ ಅದನ್ನು ಇಳಿಸಿ, ಬಿಡಿಸಿ, ನೀರಲ್ಲಿ ಅದ್ದಿ, ಹರಿದ ಹಿಟ್ಟನ್ನು ಕೂಡಿಸಿ ಮತ್ತೆ ಮುದ್ದೆ ಮಾಡಿದ.

"ಇನ್ನೊಮ್ಮೆ ಬಡೀಲೇನು?" ಎಂದು ಕೇಳಿದ. ಅವನು ಅವಳನ್ನು ಏನನ್ನಾದರೂ ಕೇಳಿದ್ದು ನಾನು ಕಂಡದ್ದು ಅದೇ ಮೊದಲು.

"ಬಡೀರಿ."

ಆ ದಿನ ಅವಳು ನಮ್ಮ ಜೊತೆ ಬರಲಿಲ್ಲ. ಮಳೆಗಾಲ ಹಿಡಿದ ಮೇಲೆ, ತನಗೆ ಬರಬೇಕೆನಿಸಿದ ದಿನ, ಅಣ್ಣನ ಜೊತೆ ಬಂದಿಳಿದಳು. ಅಷ್ಟರಲ್ಲಿ ಆಯಿ ತನ್ನ ಹಾಸಿಗೆ, ಎಲೆಯ ಚೀಲ, ಅಡಕತ್ತರಿ ಎಲ್ಲವನ್ನೂ ಪಡಸಾಲೆಯಿಂದ ಎತ್ತಿಸಿ ಅಡಿಗೆಮನೆಯ ಹೊಸ್ತಿಲ ಪಕ್ಕ ಹಾಕಿಸಿದ್ದಳು. ಮರುದಿನ ಬೆಳಿಗ್ಗೆ ತಗಡಿನ ಮೇಲೆ ಮಳೆ ಬಿದ್ದಿತು. "ಬಂದ್ಲು ದಾಂಡಿಗಿತ್ತಿ," ಎಂದಳು ಆಯಿ. ಅಡಕತ್ತರಿ ಆಡಿತು. ಯಾಕೆ ಬಂದೆ ಎಂದು ನಾನು ಚಿಗವ್ವನನ್ನು ಕೇಳದೆ ಬಿಡುತ್ತೇನೆಯೇ?

"ರೊಟ್ಟಿ ಹರದಾಗ ಕೈ ಏನ ಮಾಡತೈತಿ ಅಂತ ನೋಡಾಕತ್ತಿದ್ನಿ," ಎಂದಳು. "ಮ್ಯಾಲ ಹೋತು, ತೆಳಗ ಬಂತು. ತೆಳಗ ಬಂದದ್ದ ನೋಡಿ ಬಂದ್ನಿ. ಮ್ಯಾಲ ಹೋದದ್ದ ಮರತಿಲ್ಲ."

ಕಾಕಾ ಪೂರ್ತಿ ಬದಲಾದನೇ ಎಂದು ಪಲ್ಲವಿ ಕೇಳಿದಳು. ಚಿಗವ್ವನ ರೊಟ್ಟಿಯ ಸಪ್ಪಳ ಮತ್ತೆ ಕೆಡಲಿಲ್ಲ ಎಂದಷ್ಟೇ ಹೇಳಬಲ್ಲೆ. ಅವನು ಒಳ್ಳೆಯವನಾದ ಎಂದು ಆಯಿ ಒಂದು ದಿನವೂ ಅನ್ನಲಿಲ್ಲ, ಸಾಯುವವರೆಗೂ ಪಡಸಾಲೆಗೆ ಮರಳಲಿಲ್ಲ.

ಹೋದ ರವಿವಾರ ಸವಣೂರಿನ ದಾಂಡಿಗ ನಮ್ಮ ಮನೆಗೆ ಬಂದ. ಅವಲಕ್ಕಿ, ಚಹಾ ಎಲ್ಲ ಆಯಿತು. ಹುಡುಗಿಯನ್ನು ನೋಡಿದರು. ಇನ್ನು ನಾನು ಹುಡುಗನನ್ನು ನೋಡಬೇಕು, ಅಡಿಗೆಮನೆಗೆ ಬರಲಿ ಎಂದೆ. ಮಗ ಕಣ್ಣಲ್ಲೇ ನನ್ನನ್ನು ಬೇಡಿಕೊಂಡ. ನನಗೂ ಪೊರೆ ಬರುತ್ತಿದೆ, ಕಾಣಲಿಲ್ಲ. ಹುಡುಗ ಅಂಗಿಯ ತೋಳು ಮಡಚಿ ಹಲಗೆಯ ಮುಂದೆ ಬಂದ. ಗಡಿಯಾರದವರೆಗೂ ಹಿಟ್ಟು ಹಾರಿತು. ಎರಡು ಬಡಿತಕ್ಕೆ ರೊಟ್ಟಿ ಹರಿಯಿತು. ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಕೈ ಹಲಗೆಯ ಮೇಲೆಯೇ ಇತ್ತು.

"ಔಟ್ ಏನ್ರಿ ಅಜ್ಜಿ?" ಎಂದ.

"ಅಂಪೈರ್ ನಾ ಅಲ್ಲ. ಆಕಿ."

ಪಲ್ಲವಿ ನಗು ತಡೆದುಕೊಂಡು ಹಿಟ್ಟು ಒಟ್ಟುಮಾಡಿ ಅವನ ಮುಂದಿಟ್ಟಳು. "ಇನ್ನೊಂದು ಬಾಲ್ ಐತ್ರಿ ನಿಮಗ."

ಎಲ್ಲರೂ ನಕ್ಕರು. ನನಗೆ ಆ ನಗುವೂ ಅನುಮಾನವೇ. ಇಷ್ಟು ಜನ ಸುತ್ತ ನಿಂತಿರುವಾಗ ಯಾರು ತಾನೇ ಕೈ ಎತ್ತುತ್ತಾರೆ? ಮಾಸೂರಿನಲ್ಲಿ ಕಾಕಾನಿಗೆ ಅಷ್ಟನ್ನೂ ಮುಚ್ಚಿಡಲು ಬಂದಿರಲಿಲ್ಲ. ಪಲ್ಲವಿ ಒಪ್ಪಿದ್ದಾಳೆ. ಅವಳ ಬಾಳು, ಅವಳ ಲೆಕ್ಕ. ನಾನು ಬೇಡ ಎನ್ನಲಿಲ್ಲ. ಗುಂಪಿನಲ್ಲಿ ಅಲ್ಲ, ಅವಳೊಬ್ಬಳಿಗೇ, ಹಾಲು ಉಕ್ಕಿದರೂ ಬಿಡದೆ, ಬರೆದೆ.

"ಮದುವಿ ಆದಮ್ಯಾಲ ಮುಂಜಾನೆ ರೊಟ್ಟಿ ಬಡಿವಾಗ ಫೋನ್ ಹಚ್ಚಿ ಹಲಗಿ ಬಾಜೂಕ ಇಡು. ಮಾತಾಡೂದು ಬ್ಯಾಡ. ನಾ ಕೇಳ್ತೇನಿ."

ಪಕ್ಕದ ಕೋಣೆಯಲ್ಲೇ ಇದ್ದಳು, ಆದರೂ ಉತ್ತರ ಫೋನಿನಲ್ಲೇ ಬಂತು.

"ಅವ್ರೂ ಬಡಿಯಾಕ ಕಲೀತಾರಂತ ಅಜ್ಜಿ. ಯಾವ ದಿನ ಯಾರ ಕೈ ಅಂತ ನಿಂಗ ಗೊತ್ತಾಗತೈತೇನು?"

"ಗೊತ್ತಾಗತೈತಿ," ಎಂದು ಒತ್ತಿದೆ.